ಅಕ್ಕನೂ ನಾನೂ ನೋಡಿದ ಸಸ್ಪೆನ್ಸ್‌ಗಳು

ನಮ್ಮ ಬೀದಿಯಲ್ಲಿ ಯಾರಿಗಾದರೂ ಕಾಲು ಉಳುಕಿದರೆ, ಜ್ವರ ಬಂದು ಮನೆಯಲ್ಲೇ ಬಿದ್ದುಕೊಂಡರೆ, ಬಾಣಂತನಕ್ಕೆ ಬಂದ ಮಗಳು ಬೇಜಾರು ಅಂತ ಗೋಳಾಡಿದರೆ ನನ್ನನ್ನು ಕೇಳುತ್ತಾರೆ. "ಏನಾರ ಸಸ್ಪೆನ್ಸ್ ಸಿನಿಮಾ ಇದ್ರೆ ಹೇಳೇ, ಹೊತ್ತೇ ಹೋಗಾಕಿಲ್ಲ" ಅನ್ನುತ್ತಾರೆ. ನಾನು ಹೇಳುತ್ತೇನೆ. ಒಂದೇ ಮನೆಯೊಳಗೆ ನಡೆಯುವಂಥದ್ದು ಬೇಕಾ, ಪೊಲೀಸರದ್ದು ಬೇಕಾ, ಸತ್ತವಳು ಕೊನೆಗೆ ಬದುಕಿ ಬರುವಂಥದ್ದು ಬೇಕಾ, ಎಲ್ಲ ನನ್ನ ತಲೆಯಲ್ಲಿದೆ. ಬಾಣಂತಿಯರಿಗೆ ಮಕ್ಕಳು ಕಾಣೆಯಾಗುವ ಕತೆ ಹೇಳುವುದಿಲ್ಲ. ವಯಸ್ಸಾದವರಿಗೆ ಪರದೆಯ ಕೆಳಗೆ ಅಕ್ಷರ ಓದಬೇಕಾದದ್ದನ್ನು ಹೇಳುವುದಿಲ್ಲ, ತೆಲುಗು ಬರುತ್ತೆ ಅಂದರೆ ತೆಲುಗಿನದ್ದು ಹೇಳುತ್ತೇನೆ. ಇಡೀ ಕತೆ ಪಿಸುಮಾತಿನಲ್ಲೇ ನಡೆಯುವಂಥದ್ದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಅಂಥವೇ ಚೆನ್ನಾಗಿರುತ್ತವೆ. ಆದರೂ ಹೇಳುವುದಿಲ್ಲ.

ಇಷ್ಟೆಲ್ಲ ಹೇಗೆ ನೋಡಿದೆ ಅಂತ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು. ಮಂಚದ ಮೇಲೆ ಮಲಗಿರುವ ಅಕ್ಕನ ಜೊತೆ ನೋಡಿದೆ. "ಪಾಪ, ಅಕ್ಕನ್ನ ಹೆಂಗೆ ನೋಡ್ಕಂತಾವ್ಳೆ" ಅನ್ನುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ಬರೆಯುವುದು ನಿಧಾನ. ಬಾಯಲ್ಲಿ ಹೇಳಲಾಗದ್ದು ಕೈಯಲ್ಲಾದರೂ ಬರುತ್ತೇನೋ ನೋಡಬೇಕು.

ಅಕ್ಕ ಮದುವೆಯಾಗಿ ಬಂದ ಊರು ಸಿರಾ ತಾಲ್ಲೂಕಿನಲ್ಲಿ, ಮದಲೂರು ಕೆರೆಯಿಂದ ಆಚೆಗಿದೆ. ನಾವಿಬ್ಬರೂ ಹುಟ್ಟಿದ್ದು ಪಾವಗಡದ ಕಡೆ, ರಾಯಚರ್ಲು ಹತ್ತಿರ. ಅಪ್ಪ ಕುರಿ ಕಾಯುತ್ತಿದ್ದ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಅಪ್ಪ ಕುರಿ ಮೇಯಿಸುತ್ತಿದ್ದ ಬಯಲಲ್ಲಿ ಈಗ ಕಣ್ಣು ಹಾಯುವಷ್ಟು ದೂರ ಸೋಲಾರ್ ಪ್ಲೇಟುಗಳು ನಿಂತಿವೆ. ಅವುಗಳ ಸಂದಿಯ ಹುಲ್ಲು ಕೀಳುವುದಕ್ಕೆ, ಧೂಳು ತೊಳೆಯುವುದಕ್ಕೆ ನಾನು ಕೂಲಿಗೆ ಹೋಗುತ್ತಿದ್ದೆ. ನನ್ನ ಮದುವೆ ಹೆಚ್ಚು ದಿನ ಉಳಿಯಲಿಲ್ಲ. ಮಕ್ಕಳಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಲ್ಲಿ ನನ್ನದು ಅಂತ ಒಂದು ಬಾಗಿಲು ಉಳಿದಿರಲಿಲ್ಲ, ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದೆ. ಅಕ್ಕ ಬಿದ್ದಳು ಅಂತ ಫೋನ್ ಬಂದಾಗ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಮತ್ತೆ ಹಿಂದಿರುಗಲಿಲ್ಲ.

ಅವಳು ಬಿದ್ದದ್ದು ಹುಣಸೆ ಕಾಲದಲ್ಲಿ. ಇಲ್ಲಿ ಎಲ್ಲರೂ ಹುಣಸೆಹಣ್ಣನ್ನು ಮನೆಯ ತಾರಸಿ ಮೇಲೆ ಒಣಹಾಕುತ್ತಾರೆ. ಎಷ್ಟೋ ತಾರಸಿಗಳಿಗೆ ಸುತ್ತ ಕಟ್ಟೆ ಇರುವುದಿಲ್ಲ, ಅಕ್ಕನ ಮನೆಯದಕ್ಕೂ ಇಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತಂತೆ. ಹಣ್ಣು ನೆನೆದರೆ ಕಪ್ಪಾಗುತ್ತದೆ ಅಂತ ಅವಳು ಓಡಿ ಹತ್ತಿ ಟಾರ್ಪಾಲು ಎಳೆದಿದ್ದಾಳೆ. ಗಾಳಿ ಟಾರ್ಪಾಲಿನೊಳಗೆ ಹೊಕ್ಕಿದೆ. ಅವಳು ಕೈಬಿಡಲಿಲ್ಲ. ಟಾರ್ಪಾಲಿನ ಜೊತೆಗೇ ಹೋಗಿ ಕೆಳಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದಳು.

ತುಮಕೂರಿನ ಆಸ್ಪತ್ರೆಯಲ್ಲಿ ಬೆನ್ನಿಗೆ ರಾಡು ಹಾಕಿದರು. ಸೊಂಟದಿಂದ ಕೆಳಗೆ ಅವಳಿಗೆ ಏನೂ ತಿಳಿಯುವುದಿಲ್ಲ, ಮುಂದೆಯೂ ತಿಳಿಯುವುದಿಲ್ಲ ಅಂದರು. ಕೈಗಳು ಮೊದಲಿನಂತೆಯೇ ಇದ್ದವು. ಬಾಯಿಯೂ. ವಾರ್ಡಿನಲ್ಲಿ ಕಣ್ಣು ಬಿಟ್ಟ ಮೇಲೆ ಅವಳು ಮೊದಲು ಕೇಳಿದ್ದು, "ಹಣ್ಣು ನೆಂದ್ವಾ?"

ಮನೆಗೆ ಕಳಿಸುವ ಮುಂಚೆ ಅಲ್ಲಿಯ ನರ್ಸಮ್ಮ ನನ್ನನ್ನು ಖಾಲಿ ಹಾಸಿಗೆ ಮೇಲೆ ಮಲಗಿಸಿದರು. ಮಲಗಿಸಿ, ನನ್ನ ಕೈಯನ್ನೇ ಹಿಡಿದು ನನ್ನ ನಡುವಿನ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ ಒತ್ತಿಸಿದರು. "ಇಲ್ಲಿ ಮೂಳೆ. ಮೇಲೆ ಚರ್ಮ. ನಡುವೆ ಏನೂ ಇಲ್ಲ. ನಿನಗೆ ನೋವಾದ್ರೆ ನೀನು ಹೊರಳ್ತೀಯ. ನಿಮ್ಮಕ್ಕಂಗೆ ನೋವಾಗಲ್ಲ, ಹೊರಳೋದೂ ಇಲ್ಲ. ಎರಡು ಗಂಟೆಗೊಂದು ಸಲ ನೀನೇ ಹೊರಳಿಸ್ಬೇಕು" ಅಂದರು. ದಿಂಬಿಗೆ ಒರಗಿಸಿ ತುಂಬ ಹೊತ್ತು ಕೂರಿಸಬಾರದು, ಊಟಕ್ಕೆ ಮಾತ್ರ. ದಿನಾ ಬೆನ್ನು ನೋಡಬೇಕು. ಕೆಂಪಗೆ ಕಂಡರೆ ಬೆರಳಲ್ಲಿ ಒತ್ತಬೇಕು. ಒತ್ತಿ ಬಿಟ್ಟಾಗ ಬೆಳ್ಳಗಾದರೆ ಪರವಾಗಿಲ್ಲ. ಬೆಳ್ಳಗಾಗದಿದ್ದರೆ ಆಮೇಲೆ ಅವಳನ್ನು ಆ ಜಾಗದ ಮೇಲೆ ಮಲಗಿಸಲೇ ಬಾರದು, ತಕ್ಷಣ ಫೋನ್ ಮಾಡಬೇಕು. ಇದನ್ನೆಲ್ಲ ನನ್ನ ಬಾಯಿಂದ ತಿರುಗಿ ಹೇಳಿಸಿದರು. ನಾನು ತಪ್ಪಿಲ್ಲದೆ ಹೇಳಿದೆ.

ಒಂದು ಗಾಳಿ ಹಾಸಿಗೆಯನ್ನೂ ಕೊಡಿಸಿದರು. ಕರೆಂಟಿನ ಸಣ್ಣ ಪಂಪು ಅದಕ್ಕೆ ಸದಾ ಗಾಳಿ ತುಂಬುತ್ತಿರುತ್ತದೆ. ಒಂದು ಸಾಲು ಉಬ್ಬಿದರೆ ಇನ್ನೊಂದು ಸಾಲು ಇಳಿಯುತ್ತದೆ, ಹೀಗಾಗಿ ಮೈ ಒಂದೇ ಕಡೆ ಒತ್ತುವುದಿಲ್ಲ. ಪಂಪಿನ ಸದ್ದು ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ.

ಇನ್ನೊಂದು ಮಾತೂ ಹೇಳಿದ್ದರು. ಇಂಥವರಿಗೆ ಗಾಲಿಕುರ್ಚಿಯಲ್ಲಿ ಬದುಕುವುದನ್ನು ಕಲಿಸುವ ಜಾಗ ಇದೆಯಂತೆ. ಮಂಚದಿಂದ ಕುರ್ಚಿಗೆ ತಾನೇ ಜಾರಿಕೊಳ್ಳುವುದು, ತಗ್ಗಿನ ಒಲೆಯಲ್ಲಿ ಅಡುಗೆ ಮಾಡುವುದು, ಬಚ್ಚಲಿಗೆ ಹೋಗುವುದು, ಎಲ್ಲ ಕಲಿಸಿ ಕಳಿಸುತ್ತಾರೆ. ಗೌರಿ ಹಬ್ಬದ ಹೊತ್ತಿಗೆ ಕರೆಯುತ್ತಾರೆ, ಆದರೆ ಬೆನ್ನಲ್ಲಿ ಹುಣ್ಣು ಇರಬಾರದು, ಹುಣ್ಣಿದ್ದರೆ ಕೂರಿಸುವ ಹಾಗಿಲ್ಲ. ಬಾವ ಗಾಲಿಕುರ್ಚಿ ತಂದು ಮೂಲೆಯಲ್ಲಿ ನಿಲ್ಲಿಸಿದ. ಪ್ಲಾಸ್ಟಿಕ್ ಕವರು ತೆಗೆಯಬೇಡ, ಧೂಳಾಗುತ್ತೆ ಅಂದಳು ಅಕ್ಕ. ಬಾವ ತಾನೇ ಸಿಮೆಂಟು ಕಲಸಿ ಬಾಗಿಲ ಮುಂದಿನ ಮೆಟ್ಟಿಲನ್ನು ಇಳಿಜಾರು ಮಾಡಿದ.

"ಕೆರೆ ಏರಿವರ್ಗೂ ನಾನೇ ಗಾಲಿ ತಿರುಗಿಸ್ಕಂಡು ಹೋಯ್ತೀನಿ. ನೀನು ಹಿಂದ್ಗಡೆ ಬಾ, ತಳ್ಳಬ್ಯಾಡ" ಅಂದಳು ಅಕ್ಕ ನನಗೆ.

"ಇಳಿಜಾರಲ್ಲಿ ಬಿದ್ದೀಯ."

"ಬಿದ್ದಾಯ್ತಲ್ಲ. ಇನ್ನೇನು ಬೀಳಾದು."

ಬಾವನದೂ ಕುರಿಯೇ. ಬೇಸಿಗೆಯಲ್ಲಿ ಕುರಿಗಳನ್ನು ಒಂದು ಕಡೆ ನಿಲ್ಲಿಸಲಾಗುವುದಿಲ್ಲ. ಬಿತ್ತನೆಗೆ ಮುಂಚೆ ಮಧುಗಿರಿ ಕಡೆಯ ರೈತರು ಗೊಬ್ಬರಕ್ಕಾಗಿ ತಮ್ಮ ಹೊಲಗಳಲ್ಲಿ ಕುರಿ ಮಂದೆ ಮಲಗಿಸಿಕೊಳ್ಳುತ್ತಾರೆ. ಬಾವ ಹೊಲದಿಂದ ಹೊಲಕ್ಕೆ ಹೋಗುತ್ತಾನೆ, ಮನೆಗೆ ಬರುವುದು ಮಳೆ ಬಿದ್ದ ಮೇಲೆ. ಅಕ್ಕನಿಗಿರುವ ಒಬ್ಬಳೇ ಮಗಳು ಕೊರಟಗೆರೆಯಲ್ಲಿ ಕೈಕೂಸು ಹಿಡಿದುಕೊಂಡು ಕೂತಿದ್ದಳು. ಹೊರಡುವ ದಿನ ಬಾವ ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ.

"ಕುರಿ ಬುಟ್ರೆ ನಂಗೆ ಬ್ಯಾರೆ ಗೊತ್ತಿಲ್ಲ ಕಣಮ್ಮ. ಇವಳನ್ನ ನಿನ್ ಕೈಗೆ ಬುಟ್ಟಿದೀನಿ."

"ನೀವು ಹೋಗ್ಬನ್ನಿ ಬಾವ. ನಾನಿದೀನಿ" ಅಂದೆ.

ಮೊದಮೊದಲು ಗಡಿಯಾರ ನೋಡಿ ಹೊರಳಿಸುತ್ತಿದ್ದೆ. ಎಡಕ್ಕೆ, ಅಂಗಾತ, ಬಲಕ್ಕೆ. ಬೆನ್ನು ಒರೆಸಿ ನೋಡುತ್ತಿದ್ದೆ. ಅಕ್ಕನ ಬೆನ್ನು ಬೆಳ್ಳಗೆ, ನಯವಾಗಿತ್ತು. ಆದರೆ ಹಗಲು ಬಲು ಉದ್ದ. ಬಂದವರೆಲ್ಲ ಒಂದೇ ಮಾತು ಕೇಳಿ, ಒಂದೇ ಥರ ಲೊಚಗುಟ್ಟಿ ಹೋಗುತ್ತಿದ್ದರು. ಅಕ್ಕನನ್ನು ಗೋಡೆಗೆ ತಿರುಗಿಸಿದರೆ ಗೋಡೆ ನೋಡುತ್ತಿದ್ದಳು, ಬಾಗಿಲಿಗೆ ತಿರುಗಿಸಿದರೆ ಬಾಗಿಲು. ಒಂದು ದಿನ ಸುಮ್ಮನೆ ಕಣ್ಣಲ್ಲಿ ನೀರು ಸುರಿಸುತ್ತಿದ್ದಳು. ಯಾಕೆ ಅಂದರೆ, "ಏನಿಲ್ಲ, ಕಣ್ಣು ಮಾತ್ರ ಕೆಲ್ಸ ಮಾಡ್ತೈತೆ" ಅಂದಳು.

ಪಕ್ಕದ ಮನೆಯ ಹುಡುಗಿ ಗಾರ್ಮೆಂಟ್ಸ್‌ಗೆ ಹೋಗುವವಳು. ಅವಳೇ ನನ್ನ ಫೋನಿಗೆ ತನ್ನ ಪಾಸ್‌ವರ್ಡ್ ಹಾಕಿ ಸಿನಿಮಾ, ಸೀರೀಸ್ ಬರುವ ಹಾಗೆ ಮಾಡಿಕೊಟ್ಟಳು. ಧಾರಾವಾಹಿ ಹಾಕಿದೆ, ಅಕ್ಕನಿಗೆ ಸೇರಲಿಲ್ಲ. ಅತ್ತೆ ಸೊಸೆ ಜಗಳ ಬೀದೀಲೇ ಐತಲ್ಲ ಅಂದಳು. ಒಂದು ದಿನ ಕೈತಪ್ಪಿ ಒಂದು ಸಸ್ಪೆನ್ಸ್ ಸಿನಿಮಾ ಒತ್ತಿದೆ. ಬೆಟ್ಟದ ಮೇಲಿನ ಲಾಡ್ಜು, ದಾರಿ ಕುಸಿದು ಯಾರೂ ಹೊರಗೆ ಹೋಗುವ ಹಾಗಿಲ್ಲ, ಒಬ್ಬೊಬ್ಬರಾಗಿ ಸಾಯುತ್ತಾರೆ. ಅಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಅರ್ಧಕ್ಕೇ ಹೇಳಿದಳು:

"ಆ ಕಾಫಿ ತಂದುಕೊಡೋನೇ ಕಣೇ."

"ಅವನು ಮುದುಕ."

"ಎಲ್ರ ರೂಮಿಗೂ ಹೋಗೋನು ಅವನೊಬ್ಬನೇ. ನೋಡ್ತಿರು."

ಅವನೇ ಆಗಿದ್ದ. ಅವತ್ತು ಅಕ್ಕ ಬಿದ್ದ ಮೇಲೆ ಮೊದಲ ಸಲ ನಕ್ಕಳು. ನಾನು ಅವಳ ಕೈ ಹಿಡಿದು ಕುಣಿಸಿದೆ. "ಚಾಲ್ಲೇ, ಸಾಕು, ಇನ್ನೊಂದು ಹಾಕು" ಅಂದಳು, ಚಿಕ್ಕವರಿದ್ದಾಗ ಆಡುತ್ತಿದ್ದ ತೆಲುಗಲ್ಲಿ.

ಹಾಗೆ ಶುರುವಾಯಿತು. ಕಳ್ಳ ಯಾರು ಅಂತ ಹೇಳುವುದು ಅಕ್ಕನ ಕೆಲಸ, ಅಲ್ಲ ಅನ್ನುವುದು ನನ್ನ ಕೆಲಸ. ಅವಳು ಜಾಸ್ತಿ ಗೆಲ್ಲುತ್ತಿದ್ದಳು. ಮಂಡಿ ವ್ಯಾಪಾರದವರು ಬೀಜ ಬಿಡಿಸುವ ಕೂಲಿಗೆ ಹುಣಸೆಹಣ್ಣು ಮನೆಗೇ ತಂದುಹಾಕುತ್ತಿದ್ದರು. ಅಕ್ಕನನ್ನು ದಿಂಬುಗಳಿಗೆ ಒರಗಿಸಿ ಕೂರಿಸಿ, ತೊಡೆಯ ಮೇಲೆ ಮೊರ ಇಟ್ಟರೆ ಬೀಜ ಬಿಡಿಸುತ್ತ ನೋಡುತ್ತಿದ್ದಳು. ಕಾಲ ಕಡೆ ಸ್ಟೂಲಿನ ಮೇಲೆ ರಾಗಿ ಡಬ್ಬಿ, ಡಬ್ಬಿಗೆ ಒರಗಿಸಿದ ಫೋನು. ಯಾರಾದರೂ ಕತ್ತಲೆ ಕೋಣೆಯ ಬಾಗಿಲು ತೆಗೆಯುವಾಗ ಅವಳ ಕೈ ಮೊರದಲ್ಲೇ ನಿಂತುಬಿಡುತ್ತಿತ್ತು. ಕೂಲಿ ಸಿಗುತ್ತಿದೆ, ನಗುತ್ತಿದ್ದಾಳೆ, ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡೆ. ಊಟಕ್ಕೆ ಮಾತ್ರ ಅಂತ ಹೇಳಿದ್ದ ಒರಗು ಇಡೀ ಹಗಲಾಯಿತು.

ಗಡಿಯಾರ ನೋಡುವುದನ್ನು ಬಿಟ್ಟೆವು. ಒಂದು ಸಿನಿಮಾ ಮುಗಿದ ಮೇಲೆ ಹೊರಳಿಸುವುದು ಅಂತ ಮಾಡಿಕೊಂಡೆವು. ಸಿನಿಮಾಕ್ಕೆ ಕೊನೆ ಅಂತ ಒಂದಿರುತ್ತದೆ, ಆದ್ದರಿಂದ ಹೇಗೋ ನಡೆಯಿತು. ಸೀರೀಸ್‌ಗೆ ಹಾಗಲ್ಲ. ಪ್ರತಿ ಎಪಿಸೋಡು ಯಾರದೋ ಕುತ್ತಿಗೆಗೆ ಕೈ ಬಿದ್ದಾಗಲೇ ಮುಗಿಯುತ್ತದೆ. "ಇದೊಂದು ನೋಡ್ಬುಡನ" ಅನ್ನುತ್ತಿದ್ದಳು ಅಕ್ಕ. ಅವಳು ಅನ್ನದಿದ್ದರೆ ನಾನು ಅನ್ನುತ್ತಿದ್ದೆ.

ಈಗ ಪಂಪಿನ ವಿಷಯ. ಒಂದು ತೆಲುಗು ಸೀರೀಸ್ ಇತ್ತು, ಎಂಟು ಎಪಿಸೋಡಿನದು. ಅಣೆಕಟ್ಟಿನ ಕೆಳಗಿನ ಒಂದು ಊರು. ಶಾಲೆಯ ಮೇಡಂ ಕಾಣೆಯಾಗಿದ್ದಾಳೆ. ಹುಡುಕುವ ಇನ್ಸ್‌ಪೆಕ್ಟರಿಗೆ ಉಬ್ಬಸ, ಜೋರಾಗಿ ಮಾತಾಡಲಾಗುವುದಿಲ್ಲ. ಊರವರೂ ಭಯದಲ್ಲಿ ಪಿಸುಗುಡುತ್ತಾರೆ. ನನ್ನ ಫೋನಿನ ಸ್ಪೀಕರು ಮೊದಲೇ ಸಣ್ಣದು. ಮಂಚದ ಕೆಳಗೆ ಪಂಪು ಗುಂಯ್ ಅನ್ನುತ್ತಿತ್ತು.

"ಆ ದುಂಬಿನ ಒಂದ್ ಗಳಿಗೆ ನಿಲ್ಸೇ. ಏನಂದ ಅಂತಲೇ ಕೇಳಾಕಿಲ್ಲ" ಅಂದಳು ಅಕ್ಕ.

ನಿಲ್ಲಿಸಿದೆ. ಇನ್ಸ್‌ಪೆಕ್ಟರು ಹೇಳಿದ್ದು ಕೇಳಿಸಿತು. ಗಳಿಗೆ ಕಳೆಯಿತು. ನಾನು ಮತ್ತೆ ಹಾಕಲಿಲ್ಲ.

ಅವಳು ಕೇಳಿದ್ದು ಒಂದು ಗಳಿಗೆ, ಒಂದು ಸಲ. ಮಾರನೆಯ ದಿನದಿಂದ ಫೋನು ಡಬ್ಬಿಗೆ ಒರಗಿಸುವ ಮೊದಲೇ ನಾನೇ ಸ್ವಿಚ್ಚು ಆರಿಸುತ್ತಿದ್ದೆ. ಗಾಳಿ ನಿಧಾನವಾಗಿ ಇಳಿಯುತ್ತದೆ. ಕೊನೆಗೆ ಹಾಸಿಗೆ ಅನ್ನುವುದು ಎರಡು ಪದರ ರಬ್ಬರು, ಅದರ ಕೆಳಗೆ ಮಂಚದ ಹಲಗೆ. ಅಕ್ಕನಿಗೆ ಅದು ತಿಳಿಯುವ ಹಾಗಿರಲಿಲ್ಲ. ಮೈಯೆಲ್ಲ ತಿಳಿಯುವವಳು ನಾನು ಪಕ್ಕದಲ್ಲಿ ಇನ್ನೊಂದು ಸ್ಟೂಲಿನ ಮೇಲೆ ಕೂತಿದ್ದೆ, ಕುಂಡೆ ನೋವು ಬಂದಾಗಲೆಲ್ಲ ಅತ್ತಿತ್ತ ಹೊರಳಿಕೊಳ್ಳುತ್ತಿದ್ದೆ.

ಆರನೇ ಎಪಿಸೋಡು ಮುಗಿದಾಗ ಅಕ್ಕನನ್ನು ಒರೆಸಿ ಬಟ್ಟೆ ಬದಲಿಸಬೇಕಾಗಿತ್ತು. ಮಗ್ಗುಲಿಗೆ ಹೊರಳಿಸಿದೆ. ಮೂಳೆ ಮುಗಿಯುವ ಜಾಗದಲ್ಲಿ, ನರ್ಸಮ್ಮ ನನ್ನ ಕೈಯಿಂದ ನನಗೇ ಒತ್ತಿಸಿದ್ದ ಜಾಗದಲ್ಲೇ, ಹುಣಸೆ ಬೀಜದಷ್ಟು ಒಂದು ಕಲೆ. ಹುಣಸೆ ಬೀಜದ್ದೇ ಬಣ್ಣ. ಬೀಜವೇ ಅಂಟಿಕೊಂಡಿದೆ ಅಂದುಕೊಂಡು ಉಗುರಿನಲ್ಲಿ ತೆಗೆಯಲು ಹೋದೆ. ಬರಲಿಲ್ಲ. ಬೆರಳಿನಿಂದ ಒತ್ತಿ ಬಿಟ್ಟೆ. ಬೆಳ್ಳಗಾಗಲಿಲ್ಲ. ಮತ್ತೊಂದು ಸಲ ಒತ್ತಿದೆ.

"ಏನೇ ನೋಡ್ತಿದೀಯ ಅಷ್ಟೊತ್ತು?" ಅಂದಳು ಅಕ್ಕ, ಗೋಡೆಯ ಕಡೆ ಮುಖ ಮಾಡಿಕೊಂಡು.

"ಏನಿಲ್ಲ, ಬೆವರುಸಾಲೆ."

"ಅಂಗಾರೆ ಬಿರಬಿರನೆ ಒರಗ್ಸು. ಅವನು ಆ ಮನೆ ಒಳೀಕೆ ಹೋದ, ನೋಡಿದ್ಯಾ?"

ನಾನು ಅವಳನ್ನು ಎತ್ತಿ, ದಿಂಬುಗಳಿಗೆ ಒರಗಿಸಿ, ಅದೇ ಜಾಗದ ಮೇಲೆ ಕೂರಿಸಿದೆ. ಪಂಪು ಆರಿಯೇ ಇತ್ತು. ಇನ್ನೆರಡು ಎಪಿಸೋಡು ಉಳಿದಿದ್ದವು. ನೋಡಿದೆವು.

ನಾನು ಹೇಳಬೇಕಾದದ್ದು ಇಷ್ಟೇ. ಮರೆತೆ ಅಂದರೆ ಸುಳ್ಳಾಗುತ್ತದೆ. ಒತ್ತಿದಾಗ ನರ್ಸಮ್ಮನ ಮುಖ, ಮಾತು ಎಲ್ಲ ನೆನಪಿಗೆ ಬಂದಿತ್ತು. ಮೇಡಂ ಬದುಕಿದ್ದಾಳಾ ಇಲ್ಲವಾ ಅಂತ ಅಕ್ಕನಿಗೆ ಮಾತ್ರ ಅಲ್ಲ, ನನಗೂ ಗೊತ್ತಾಗಬೇಕಿತ್ತು. ಅವಳು ಸತ್ತಿದ್ದಳು. ಕೊಂದವನು ಇನ್ಸ್‌ಪೆಕ್ಟರನ ಡ್ರೈವರು. ಅಕ್ಕ ಅದನ್ನು ಮೂರನೇ ಎಪಿಸೋಡಿನಲ್ಲೇ ಹೇಳಿಬಿಟ್ಟಿದ್ದಳು.

ಆಮೇಲೆ ಹೆದರಿಕೆ ಶುರುವಾಯಿತು. ಪಂಪು ಮತ್ತೆ ಹಾಕಿದೆ, ಗಂಟೆಗೊಂದು ಸಲ ಹೊರಳಿಸಿದೆ. ಆದರೆ ಕಲೆ ಬಿರಿಯಿತು. ನರ್ಸಮ್ಮನಿಗೆ ಫೋನ್ ಮಾಡಬೇಕಿತ್ತು. ಮಾಡಿದರೆ ಬಾವನಿಗೆ ತಿಳಿಯುತ್ತದೆ. ಇವಳ ಕೈಲಿ ಆಗುವುದಿಲ್ಲ ಅಂತ ಬೇರೆ ಯಾರನ್ನಾದರೂ ಕರೆಸುತ್ತಾರೆ. ನಾನು ಎಲ್ಲಿಗೆ ಹೋಗಲಿ, ಮತ್ತೆ ದೊಡ್ಡಪ್ಪನ ಪಡಸಾಲೆಗಾ? ಒಂದು ವಾರದಲ್ಲಿ ಮಾಗಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದು ಬೇಡ ಅಂದುಕೊಂಡೆ.

ಕುರಿಯ ಮನೆಯಲ್ಲಿ ಹುಟ್ಟಿದವಳಿಗೆ ಗಾಯ ಅಂದರೆ ಕುರಿಯ ಗಾಯವೇ. ಮುಳ್ಳು ತಗುಲಿ, ನಾಯಿ ಕಚ್ಚಿ ಹುಳ ಬಿದ್ದ ಗಾಯಗಳಿಗೆ ಅಪ್ಪ ಸೀತಾಫಲದ ಸೊಪ್ಪು ಅರೆದು ಹಿಂಡುತ್ತಿದ್ದ, ಮೇಲೆ ಅರಿಶಿನ, ಬೇವಿನೆಣ್ಣೆ ಕಲಸಿ ಮೆತ್ತುತ್ತಿದ್ದ. ಎಷ್ಟೋ ಕುರಿ ಎದ್ದು ಓಡಿದ್ದನ್ನು ನಾನೇ ನೋಡಿದ್ದೇನೆ. ಹಿತ್ತಿಲಲ್ಲಿ ಸೀತಾಫಲದ ಗಿಡ ಇತ್ತು. ದಿನಾ ಸೊಪ್ಪು ಅರೆದು ಹಚ್ಚಿದೆ. ಅರಿಶಿನ ಗಟ್ಟಿಯಾಗಿ ಮೆತ್ತಿದೆ.

"ಏನೇ ಇದು, ಮನೆಯೆಲ್ಲ ಕುರಿ ರೊಪ್ಪದ ವಾಸನೆ ಹೊಡೀತೈತೆ?" ಅಂದಳು ಅಕ್ಕ.

"ಬೆವರುಸಾಲೆಗೆ ಹಚ್ತಿದೀನಿ."

"ನಾನೇನು ಕುರಿಯೇನೇ?" ಅಂತ ನಕ್ಕಳು. "ಉಣ್ಣೆ ಕತ್ತರಿಸ್ಬ್ಯಾಡ ಮತ್ತೆ."

ಗಾಯ ಮೇಲೆ ಒಣಗಿತು. ಅರಿಶಿನದ ಹಕ್ಕಳೆ ಕಟ್ಟಿ ಮುಚ್ಚಿಕೊಂಡಿತು. ದೇವರಿಗೆ ಕೈಮುಗಿದೆ. ಬಾವ ಹೊಲದಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು, "ಬೆನ್ನು ಹೆಂಗೈತೆ?" "ಬೆಳ್ಳಗೈತೆ ಬಾವ" ಅನ್ನುತ್ತಿದ್ದೆ. ಪಕ್ಕದಲ್ಲೇ ಮಲಗಿದ್ದ ಅಕ್ಕ ಅದನ್ನು ಕೇಳಿಸಿಕೊಂಡು, "ಗೌರಿ ಹಬ್ಬಕ್ಕೆ ಕುರ್ಚಿ ರೆಡಿ ಮಾಡು ಅನ್ನು" ಅನ್ನುತ್ತಿದ್ದಳು.

ಮಳೆ ಬಿತ್ತು. ಒಂದು ಬೆಳಿಗ್ಗೆ ಅಕ್ಕನಿಗೆ ಚಳಿ ಬಂತು. ಬಿಸಿಲೇರಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ಕಂಬಳಿ ಹೊದಿಸಿ ಗುಳಿಗೆ ಕೊಟ್ಟೆ. ಮಾರನೆಯ ದಿನವೂ ಹಾಗೆಯೇ. ಬಾವನಿಗೆ ಫೋನ್ ಮಾಡಿ, ಜ್ವರ ಅಂತ ಮಾತ್ರ ಹೇಳಿದೆ. ಅವನು ಮಂದೆಯನ್ನು ತನ್ನ ಅಣ್ಣನ ಕೈಗೆ ಕೊಟ್ಟು ಮಧುಗಿರಿಯಿಂದ ಬಸ್ಸು ಹತ್ತಿ ಬಂದುಬಿಟ್ಟ. ತಾನೇ ಮಾಡಿದ ಇಳಿಜಾರು ಹತ್ತಿ ಹೊಸ್ತಿಲ ಹತ್ತಿರ ನಿಂತ. ಒಳಗೆ ಬರಲಿಲ್ಲ. ತಲೆ ಎತ್ತಿ ಗಾಳಿ ಎಳೆದುಕೊಂಡ.

"ಎಲ್ಲಿ ಕೊಳೆತೈತೆ?" ಅಂದ.

ಅವನು ಬಂದು ಅಕ್ಕನನ್ನು ಹೊರಳಿಸಿ, ಹಕ್ಕಳೆಯ ಪಕ್ಕದಲ್ಲಿ ಎರಡು ಬೆರಳು ಇಟ್ಟು ಮೆಲ್ಲಗೆ ಅದುಮಿದ. ಹಕ್ಕಳೆ ಒಂದು ಕಡೆ ಎದ್ದಿತು. ಒಳಗಿಂದ ಬಂದದ್ದನ್ನು ಬರೆಯುವುದಿಲ್ಲ.

"ಬಾಯಿ ಮುಚ್ಚಿಬುಟ್ಟಿದೀಯಲ್ಲಮ್ಮ" ಅಂದ. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಕುರಿಗಾದ್ರೂ ಕೀವು ಹೋಗಾಕೆ ದಾರಿ ಬುಡ್ತೀವಿ. ನಿಮ್ಮಪ್ಪ ಹೇಳ್ಕೊಟ್ಟಿರ್ಲಿಲ್ವಾ?"

ಹೇಳಿಕೊಟ್ಟಿದ್ದ. ಮೇಲಿನದಷ್ಟೇ ನನಗೆ ನೆನಪಿತ್ತು. ಒಳಗಿನದನ್ನು ನಾನು ಆಗ ನೋಡುತ್ತಿರಲಿಲ್ಲ, ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ.

ಆಸ್ಪತ್ರೆಯಲ್ಲಿ ಕೊಳೆತದ್ದನ್ನೆಲ್ಲ ಕತ್ತರಿಸಿ ತೆಗೆದರು. ಹುಣಸೆ ಬೀಜದಷ್ಟಿದ್ದದ್ದು ಕೋಳಿಮೊಟ್ಟೆ ಕೂರುವಷ್ಟು ಗುಂಡಿಯಾಯಿತು. ತಳದಲ್ಲಿ ಮೂಳೆ ಕಾಣುತ್ತಿತ್ತು. ಮೂಳೆಗೂ ಸೋಂಕು ಇಳಿದಿದೆ ಅಂದರು ಡಾಕ್ಟರು. ಇದು ಹೇಗಾಯಿತು ಅಂತ ಕೇಳಿದರು. ಬಾವ ನನ್ನನ್ನು ನೋಡಿದ. ನಾನು ಕೈಯಲ್ಲಿದ್ದ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಅಷ್ಟರಲ್ಲಿ ಬೋರಲು ಮಲಗಿದ್ದ ಅಕ್ಕ ದಿಂಬಿನಿಂದ ಮುಖ ಎತ್ತಿದಳು.

"ನಂದೇ ತಪ್ಪು. ಫೋನ್ ಕೇಳಾಕಿಲ್ಲ ಅಂತ ಪಂಪ್ ನಿಲ್ಸು ಅಂದೋಳು ನಾನೇ. ಅವಳನ್ನ ಏನೂ ಅನ್ಬ್ಯಾಡ. ಸಣ್ಣೋಳು, ನಾನು ಹೇಳ್ದಂಗೆ ಕೇಳ್ತಾಳೆ."

ಬಾವ ಅವಳನ್ನು ಬೈದ. ಮದುವೆಯಾದಾಗಿನಿಂದ ಅವನು ಹಾಗೆ ಬೈದದ್ದನ್ನು ನಾನು ಕೇಳಿರಲಿಲ್ಲ. "ಸಿನಿಮಾ ನೋಡಾಕೆ ಹೋಗಿ ಬೆನ್ನು ಕೊಳೆಸ್ಕಂಡ್ಯಲ್ಲೇ. ನಿಂಗೇನಾರ ಬುದ್ಧಿ ಐತಾ? ನಾನು ಬಾಗ್ಲಲ್ಲಿ ಸಿಮೆಂಟ್ ಮೆತ್ತಿದ್ದು ಯಾವನಿಗೆ?" ವಾರ್ಡಿನವರೆಲ್ಲ ತಿರುಗಿ ನೋಡಿದರು. ಅಕ್ಕ ಮುಖವನ್ನು ಮತ್ತೆ ದಿಂಬಿಗೆ ಇಟ್ಟಳು. "ಹೂಂ, ಅನ್ನು. ಅನ್ನಿಸ್ಕಣಂಗೇ ಮಾಡಿದೀನಿ" ಅಂದದ್ದು ದಿಂಬಿನೊಳಗಿಂದ ಕೇಳಿಸಿತು.

ಆಗ ಹೇಳಬಹುದಿತ್ತು. ಅವಳು ಹೇಳಿದ್ದು ಒಂದು ಗಳಿಗೆಗೆ, ಉಳಿದ ದಿನವೆಲ್ಲ ಆರಿಸಿದವಳು ನಾನು ಅಂತ. ಕಲೆ ಕಂಡಿದ್ದೆ, ಒತ್ತಿ ನೋಡಿದ್ದೆ, ಕಂಡೇ ಕೂರಿಸಿದೆ ಅಂತ. ಬಾಯಿ ತೆರೆದೆ ಕೂಡ. "ಟೀ ತರ್ಲಾ ಬಾವ?" ಅಂದೆ.

ಗೌರಿ ಹಬ್ಬದ ಹತ್ತಿರ ಆ ಕಲಿಸುವ ಜಾಗದಿಂದ ಫೋನ್ ಬಂತು. ಗಾಯ ಇದೆ ಅಂದೆ. ಮಾಗಿದ ಮೇಲೆ ತಿಳಿಸಿ ಅಂದರು. ತಿಳಿಸುವಂಥದ್ದು ಏನೂ ಆಗಲಿಲ್ಲ. ಬೇರೆ ಕಡೆಯ ಮಾಂಸ ತಂದು ಗುಂಡಿ ಮುಚ್ಚುವ ಆಪರೇಷನ್ ಇದೆಯಂತೆ. ಅದಕ್ಕೆ ಮೈಯಲ್ಲಿ ರಕ್ತ ಇರಬೇಕು, ಜ್ವರ ಇರಬಾರದು. ಅಕ್ಕನಿಗೆ ಒಂದಿಲ್ಲ, ಇನ್ನೊಂದು ಬಿಡುತ್ತಿಲ್ಲ. ಹೋದ ಸಲ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಮುಂದೆ ಯಾವಾಗ ಬರಬೇಕು ಅಂತ ಬಾವ ಕೇಳಿದ್ದಕ್ಕೆ, ತೊಂದರೆಯಾದರೆ ಬನ್ನಿ ಅಂದರು. ಅದು ಏನು ಹೇಳಿದ ಹಾಗೆ ಅಂತ ಬಾವ ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಲೇ ಬಂದ. ನನಗೆ ಗೊತ್ತಾಗಿತ್ತು. ಅವನಿಗೂ ಗೊತ್ತಾಗಿತ್ತು.

ಈಗ ಮತ್ತೆ ಹುಣಸೆ ಕಾಲ. ಬಾವ ಈ ಸಲ ಮಂದೆ ಹೊಡೆದುಕೊಂಡು ಹೋಗಲಿಲ್ಲ, ಹುಲಿಕುಂಟೆ ಕಡೆ ಬಯಲಲ್ಲೇ ಮೇಯಿಸಿಕೊಂಡು ಸಂಜೆ ಬರುತ್ತಾನೆ. ನನ್ನನ್ನು ಯಾರೂ ಹೋಗು ಅನ್ನಲಿಲ್ಲ. ಅಕ್ಕ ಹೆಚ್ಚು ಹೊತ್ತು ಬೋರಲು ಮಲಗಿರುತ್ತಾಳೆ, ನಡುನಡುವೆ ಮಗ್ಗುಲಿಗೆ. ಗುಂಡಿಗೆ ದಿನಾ ಔಷಧಿಯ ಬಟ್ಟೆ ತುರುಕಿ, ಹಳೆಯದನ್ನು ತೆಗೆಯುತ್ತೇನೆ. ಮೊರ ಹಿಡಿಯಲು ಅವಳ ಕೈಯಲ್ಲಿ ಶಕ್ತಿ ಇಲ್ಲ. ಕೆನ್ನೆಯ ಮೂಳೆ ಎದ್ದು ಕಾಣುತ್ತದೆ. ಬೋರಲು ಮಲಗಿದವಳ ಕಣ್ಣಿಗೆ ಸ್ಟೂಲು ಎತ್ತರವಾಗುತ್ತಿತ್ತು, ನೆಲ ತಗ್ಗಾಗುತ್ತಿತ್ತು. ಸರಿಯಾಗಿ ಸಿಕ್ಕಿದ್ದು ಗಾಲಿಕುರ್ಚಿಯ ಸೀಟು. ಅವಳೇ ಹೇಳಿದಳು, ಅದನ್ನು ಎಳಿ ಅಂತ. ಮಂಚದ ತಲೆಯ ಕಡೆ ಅದನ್ನು ನಿಲ್ಲಿಸಿ, ಸೀಟಿನ ಮೇಲೆ ರಾಗಿ ಡಬ್ಬಿ ಇಟ್ಟು, ಅದಕ್ಕೆ ಫೋನು ಒರಗಿಸುತ್ತೇನೆ. ಪ್ಲಾಸ್ಟಿಕ್ ಕವರು ಇನ್ನೂ ಇದೆ.

ಈಗಲೂ ಸಸ್ಪೆನ್ಸೇ ಬೇಕು ಅವಳಿಗೆ. ಬೇರೆ ಹಾಕಿದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಪಂಪು ಗುಂಯ್ ಅನ್ನುತ್ತಲೇ ಇರುತ್ತದೆ. ನಿಲ್ಲಿಸು ಅಂತ ಅವಳು ಮತ್ತೆ ಯಾವತ್ತೂ ಅಂದಿಲ್ಲ. ಕೇಳಿಸದ ಮಾತನ್ನು ನನ್ನನ್ನು ಕೇಳುತ್ತಾಳೆ, ನಾನು ಫೋನಿನ ಹತ್ತಿರ ಕಿವಿ ಹಿಡಿದು ಕೇಳಿ ಹೇಳುತ್ತೇನೆ.

ಮೊನ್ನೆ ಮಧ್ಯಾಹ್ನ ಒಂದು ಕನ್ನಡದ್ದು ನೋಡುತ್ತಿದ್ದೆವು. ದೊಡ್ಡ ಮನೆ, ಕಾಯಿಲೆಯ ಯಜಮಾನಿ, ಅವಳನ್ನು ನೋಡಿಕೊಳ್ಳುವ ಒಬ್ಬ ಹುಡುಗಿ. ಯಜಮಾನಿಗೆ ಯಾರೋ ದಿನಾ ವಿಷ ಹಾಕುತ್ತಿದ್ದಾರೆ. ನಾನು ಗಾಯದ ಬಟ್ಟೆ ಬದಲಿಸುತ್ತಿದ್ದೆ. ಅಕ್ಕ ಹೇಳಿದಳು:

"ವಿಷ ಹಾಕೋದು ಅವಳಲ್ಲ ಕಣೇ. ಆದ್ರೆ ಅವಳಿಗೆ ಗೊತ್ತೈತೆ. ಮೊದ್ಲಿಂದ ಗೊತ್ತೈತೆ."

ನನ್ನ ಕೈ ನಿಂತಿತು. "ಅಕ್ಕ" ಅಂದೆ.

"ಹೂಂ."

"ಅವತ್ತು ನಾನು…"

"ಸುಮ್ಕಿರು. ನೋಡನ."

ಅವಳು ತಿರುಗಲಿಲ್ಲ, ತಿರುಗಲು ಆಗುವುದೂ ಇಲ್ಲ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಹಿಂದಲೆ ಮಾತ್ರ. ನಾನು ಬಟ್ಟೆ ತುರುಕಿ ಪಟ್ಟಿ ಅಂಟಿಸಿದೆ. ಫೋನಿನಲ್ಲಿ ಪೊಲೀಸಿನವನು ಆ ಹುಡುಗಿಯನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಕೇಳುತ್ತಿದ್ದ. ಅವಳು ತಲೆ ತಗ್ಗಿಸಿ, ತುಟಿ ಮಾತ್ರ ಅಲ್ಲಾಡಿಸಿ ಏನೋ ಹೇಳಿದಳು.

"ಏನಂದ್ಲೇ?" ಅಂತ ಕೇಳಿದಳು ಅಕ್ಕ.

"ಗೊತ್ತಿತ್ತು, ಹೇಳಿದ್ದರೆ ನನ್ನನ್ನು ಮನೆಯಿಂದ ಕಳಿಸಿಬಿಡುತ್ತಿದ್ದರು" ಅಂದಿದ್ದಳು ಆ ಹುಡುಗಿ. ನನಗೆ ಕೇಳಿಸಿತ್ತು.

"ಪಂಪಿನ ಸದ್ದಲ್ಲಿ ಕೇಳಿಸ್ಲಿಲ್ಲ ಕಣಕ್ಕ" ಅಂದೆ.

ಅಕ್ಕ ಹೂಂ ಅಂದಳು. ಹೊರಳಿಸಿ ಎರಡು ಗಂಟೆಯಾಗಿತ್ತು. ಎದ್ದು ಅವಳನ್ನು ಎಡಕ್ಕೆ ಹೊರಳಿಸಿದೆ.